ಎಂತ ಅವಸ್ಥೆ ಮಾರಾಯ್ರೆ!

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಯಾವ ಅಡಿಕೆ ತೋಟದ ಮನೆಯ ಅಂಗಳಕ್ಕೆ ಇಳಿದರೂ ಜಗಲಿಯಲ್ಲಿ ಒಬ್ಬ ಯಜಮಾನರು ಸಿಗುತ್ತಾರೆ. ಹೆಗಲಲ್ಲಿ ಬೈರಾಸು, ಕೈಗೆಟಕುವಲ್ಲಿ ಎಲೆಅಡಿಕೆ ತಟ್ಟೆ, ಕಣ್ಣು ಆಕಾಶದ ಕಡೆಗೆ. ‘ಹೇಗಿದ್ದೀರಿ?’ ಎಂದು ಕೇಳುವುದೇ ತಡ, ‘ಎಂತ ಹೇಗೆ ಮಾರಾಯ್ರೆ, ಒಟ್ರಾಸಿ ಅವಸ್ಥೆ’ ಎಂದು ಶುರು. ನಿನ್ನೆ ಸಂಜೆ ಹೋದ ಕರೆಂಟು ಇನ್ನೂ ಬಂದಿಲ್ಲ. ಮರ ಹತ್ತುವವನು ನಾಳೆ ಬರುತ್ತೇನೆ ಎಂದವನು ಫೋನೇ ತೆಗೆಯುವುದಿಲ್ಲ. ತೆಗೆದರೂ ಪ್ರಯೋಜನವಿಲ್ಲ, ರೇಂಜ್ ಸಿಗುವುದು ಕೊಟ್ಟಿಗೆಯ ಮೂಲೆಯಲ್ಲಿ ಮಾತ್ರ, ಅಲ್ಲಿ ನಿಂತರೆ ದನ ತಲೆಯಾಡಿಸುತ್ತದೆ. ಎಳನೀರು ಮಂಗಗಳ ಪಾಲು, ಗೆಣಸು ಹಂದಿಗಳ ಪಾಲು. ‘ಚೆನ್ನಾಗಿದ್ದೇನೆ’ ಎಂಬ ಮಾತು ಇವರ ಬಾಯಿಂದ ಹೊರಟದ್ದನ್ನು ಮನೆದೇವರೂ ಕೇಳಿರಲಾರ. ಹೊರಗಿನಿಂದ ಬಂದವರಿಗೆ ಪಾಪ ಎನಿಸುತ್ತದೆ, ಇಷ್ಟು ಕಷ್ಟದಲ್ಲಿ ಈ ಮನುಷ್ಯ ಬದುಕುವುದಾದರೂ ಹೇಗೆ ಎಂದು. ಬದುಕುವುದು ಹೀಗೆಯೇ ಎಂಬುದು ನನ್ನ ವಾದ. ಗೊಣಗುವುದು ಇವರು ದಿನ ದಾಟಿಸುವ ಉಪಾಯ. ಮತ್ತೆ ಅದು ಬಾಯಿಗೆ ಬಂದಂತೆ ಗೊಣಗುವುದೂ ಅಲ್ಲ, ಅದಕ್ಕೊಂದು ಕಟ್ಟುನಿಟ್ಟಿನ ಕ್ರಮ ಉಂಟು: ಇಂದಲ್ಲ ನಾಳೆ ಸರಿಯಾಗುವ ಸಂಗತಿಗಳಿಗೆ ಮಾತ್ರ ಇವರು ಗೊಣಗುತ್ತಾರೆ.

ಇದಕ್ಕೆ ಸಾಕ್ಷಿ ಬೇಕಾದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ದಿನ ಇವರ ತೋಟಕ್ಕೆ ಹೋಗಬೇಕು. ಮೇ ತಿಂಗಳಿಡೀ ‘ಬಾವಿಯಲ್ಲಿ ನೀರಿಲ್ಲ, ಮಳೆ ಎಲ್ಲಿ ಸತ್ತಿತು’ ಎಂದವರು ಇವರೇ; ಈಗ ‘ಈ ಮಳೆ ಬಿಟ್ಟರಲ್ಲವಾ ಮದ್ದು ಬಿಡುವುದು’ ಎನ್ನುವವರೂ ಇವರೇ. ಅಂತೂ ಒಂದು ಬೆಳಗ್ಗೆ ಮೋಡ ಸ್ವಲ್ಪ ಹರಿಯುತ್ತದೆ. ಬೋರ್ಡೋ ದ್ರಾವಣದ ಲೆಕ್ಕ ಎಲ್ಲರಿಗೂ ಬಾಯಿಪಾಠ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಒಟ್ಟು ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ತಿಳಿ ಸೋಸಿ, ಕಲಸುತ್ತಾ ಹೋದಂತೆ ಡ್ರಮ್ಮಿನಲ್ಲಿ ಆಕಾಶದ್ದೇ ಬಣ್ಣ ಏಳುತ್ತದೆ. ಆಮೇಲೆ ಕಬ್ಬಿಣದ ಕತ್ತಿಯ ಮೊನೆ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು, ಬೆಳಕಿಗೆ ಹಿಡಿದು ನೋಡುವುದು. ತಾಮ್ರದ ಕೆಂಪು ಹಿಡಿದಿದ್ದರೆ ಇನ್ನೊಂದಿಷ್ಟು ಸುಣ್ಣದ ನೀರು. ಇಷ್ಟೂ ಕೆಲಸದ ಹಿಂದೆ ಶ್ರುತಿ ಹಿಡಿದಂತೆ ಗೊಣಗಾಟ ನಡೆದೇ ಇರುತ್ತದೆ: ಸುಣ್ಣ ಮೊದಲಿನ ಹಾಗಿಲ್ಲ, ಮೈಲುತುತ್ತಿಗೆ ಚಿನ್ನದ ರೇಟು, ಕೆಲಸದವರು ಒಂಬತ್ತಕ್ಕೆ ಬಂದು ನಾಲ್ಕಕ್ಕೆ ಗಂಟೆ ನೋಡುತ್ತಾರೆ, ಅಗೋ ಆ ಗುಡ್ಡೆಯ ತಲೆಯಲ್ಲಿ ಮೋಡ ಕಟ್ಟಿತು, ಎಲ್ಲ ತೊಳೆದು ಹೋಗುವುದಕ್ಕೇ ಇಷ್ಟೆಲ್ಲ. ಆದರೆ ಕೈ ನೋಡಿ. ತೂಕದಲ್ಲಿ ಒಂದು ಹಿಡಿ ಹೆಚ್ಚಿಲ್ಲ, ಕಡಿಮೆ ಇಲ್ಲ. ನಲ್ವತ್ತು–ನಲ್ವತ್ತೈದು ದಿನ ಕಳೆದು ಎರಡನೇ ಸಲದ ಮದ್ದಿಗೆ ಬೇಕಾದ ಸಾಮಾನು ಆಗಲೇ ಅಟ್ಟದಲ್ಲಿ ಉಂಟು. ಸೋತವನ ತಯಾರಿ ಹೀಗಿರುವುದಿಲ್ಲ. (ಈ ದ್ರಾವಣ ಮೂಲತಃ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ 1880ರ ದಶಕದಲ್ಲಿ ದ್ರಾಕ್ಷಿಗೆಂದು ಹುಟ್ಟಿದ್ದು. ಅಲ್ಲಿನ ಬೆಳೆಗಾರರೂ ಸುಣ್ಣಕ್ಕೆ ಬೈದಿರಬೇಕು ಎಂದು ನನ್ನ ಊಹೆ.)

ಚಾಲಿ ಒಣಗಿಸುವಾಗಲೂ ಇದೇ ಕತೆ. ಹಣ್ಣಡಿಕೆ ಚಾಲಿಯಾಗಲು ಸುಮಾರು ನಲ್ವತ್ತು ಬಿಸಿಲು ಬೇಕು. ಡಿಸೆಂಬರಿನ ನಡುರಾತ್ರಿ ಗುಡುಗಿದರೆ ಮನೆಮಂದಿಯೆಲ್ಲ ಎದ್ದು, ಟಾರ್ಚು ಬಾಯಲ್ಲಿ ಕಚ್ಚಿ, ಟರ್ಪಾಲು ಎಳೆಯಬೇಕು. ಎಳೆದು ಮುಗಿಸಿ ಒಳಗೆ ಬಂದರೆ ನಾಲ್ಕು ಹನಿಯೂ ಬೀಳುವುದಿಲ್ಲ. ಆಗ ಯಜಮಾನರು ಬೈಯುವುದು, ಮಳೆ ಬಾರದ್ದಕ್ಕೆ.

ಈಗ ಇವರು ಯಾವುದಕ್ಕೆ ಗೊಣಗುವುದಿಲ್ಲ ಎಂದು ನೋಡಿ. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜದ ಕಡೆ ಅಡಿಕೆಗೆ ಹಳದಿ ರೋಗ ಬಂದು ದಶಕಗಳಾದವು. ಸೋಗೆಯ ತುದಿಯಿಂದ ಹಳದಿ ಇಳಿಯುತ್ತದೆ, ಕಾಯಿ ಉದುರುತ್ತದೆ, ಉಳಿದ ಅಡಿಕೆಯ ತಿರುಳು ಕಪ್ಪಾಗುತ್ತದೆ, ಮರ ವರ್ಷ ವರ್ಷ ಸೊರಗುತ್ತದೆ. ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ, ಹರಡುವುದು ಒಂದು ಜಿಗಿಹುಳು ಎಂದು ಗೊತ್ತಾಗಿದೆ. ಗುಣಪಡಿಸುವ ಮದ್ದು ಇಲ್ಲ. ಅಜ್ಜ ನೆಟ್ಟ ತೋಟ ಕಣ್ಣೆದುರೇ ಬೋಳಾದವರ ಜಗಲಿಯಲ್ಲಿ ಕೂತರೆ ಕರೆಂಟಿನ ಬಗ್ಗೆ ಅರ್ಧ ಗಂಟೆ ಕೇಳಬಹುದು. ತೋಟದ ಸುದ್ದಿ ಎತ್ತಿದರೆ ‘ಹಾಂ, ಹೋಯ್ತು. ಬಾಯಾರಿಕೆಗೆ ಎಂತ ಆಗಬಹುದು ನಿಮಗೆ?’ ಎಂದು ಎದ್ದೇ ಬಿಡುತ್ತಾರೆ. 2021ರ ಜೂನ್‌ನಲ್ಲಿ ಗುತ್ತಿಗಾರು ಸಮೀಪದ ಬಳ್ಳಕದ ಒಂದು ಚಿತ್ರ ದೇಶವೆಲ್ಲ ಓಡಾಡಿತು. ರೇಂಜ್ ಸಿಗುವ ರಸ್ತೆಬದಿಯಲ್ಲಿ ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದಾರೆ. ಮನೆಯೊಳಗೆ ಟವರಿಗೆ ಶಾಪ ಹಾಕುವ ಜಾತಿಯ ಅಪ್ಪಂದಿರೇ ಈ ಊರುಗಳಲ್ಲಿ ಇರುವುದು. ಮಗಳ ಪಾಠ ತಪ್ಪುತ್ತದೆ ಎಂದಾದಾಗ ಬಾಯಿಗೆ ಕೆಲಸ ಕೊಡದೆ ಕೈಗೆ ಕೊಟ್ಟರು.

‘ಹಾಗಾದರೆ ಅಡಿಕೆಗೆ ಧಾರಣೆ ಏರಿದಾಗಲೂ ಗೊಣಗುತ್ತಾರಲ್ಲ, ಅದಕ್ಕೆ ಏನು ಹೇಳುತ್ತೀರಿ?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 2021ರಲ್ಲಿ ಚಾಲಿ ಕಿಲೋಗೆ 500 ರೂಪಾಯಿ ದಾಟಿದಾಗ ಈ ಮೂರು ತಾಲೂಕುಗಳ ಜಗಲಿಗಳಲ್ಲಿ ಸಂತೋಷದ ಸದ್ದೇನೂ ಏಳಲಿಲ್ಲ. ಕೊಟ್ಟವರು ಕಳೆದ ವಾರವೇ ಕೊಟ್ಟೆ ಎಂದು ಗೊಣಗಿದರು, ಇಟ್ಟುಕೊಂಡವರು ನಾಳೆ ಇಳಿದರೆ ಎಂದು ಗೊಣಗಿದರು. ಇದರಲ್ಲಿ ಸ್ವಲ್ಪ ಲೌಕಿಕ ಜಾಣತನವೂ ಉಂಟು, ಮರೆಮಾಚಿ ಫಲವಿಲ್ಲ: ಲಾಭವಾಯಿತು ಎಂದರೆ ಸಾಲ ಕೇಳುವ ನೆಂಟ, ಚಂದಾ ರಶೀದಿ ಹಿಡಿದ ಸಮಿತಿ, ಕೂಲಿ ಏರಿಸುವ ಕೆಲಸದವ, ಎಲ್ಲರೂ ಒಂದೇ ಬಸ್ಸಿನಲ್ಲಿ ಇಳಿಯುತ್ತಾರೆ. ಆದರೆ ಅಷ್ಟೇ ಅಲ್ಲ. ವರ್ಷಕ್ಕೊಮ್ಮೆ ಕೈಗೆ ಬರುವ ಬೆಳೆ. ಅದು ಹೊಸತೋ ಹಳತೋ, ಪಟೋರವೋ ಕರಿಗೋಟೋ ಎಂದು ಹೇಳುವುದು ಅಂಗಡಿಯವರು. ರೇಟು ಕಟ್ಟುವುದು ಎಲ್ಲೋ ಉತ್ತರದಲ್ಲಿ ಕೂತ ವ್ಯಾಪಾರಿ. ಇಂಥ ಬೆಳೆಯನ್ನು ನಂಬಿದವನು ಏರಿದಾಗ ಕುಣಿದರೆ ಇಳಿದಾಗ ಮಲಗಬೇಕಾಗುತ್ತದೆ. ಎರಡೂ ಕಾಲದಲ್ಲಿ ಒಂದೇ ಸ್ವರದಲ್ಲಿ ಗೊಣಗುವವನಿಗೆ ಮಲಗುವ ಪ್ರಸಂಗ ಬರುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರದ್ದು. ಗೊಣಗಿ ಗೊಣಗಿ ಸಿಟ್ಟೆಲ್ಲ ಆವಿಯಾಗುತ್ತದೆ, ಆಗಬೇಕಾದ ಹೋರಾಟ ಜಗಲಿಯಲ್ಲೇ ಮುಗಿಯುತ್ತದೆ ಎನ್ನುವವರಿದ್ದಾರೆ. ಚರಿತ್ರೆ ಈ ಮಾತಿಗೆ ಒಪ್ಪುವುದಿಲ್ಲ. ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದವರಿಗೆ ಇನ್ನು ನಾಣ್ಯದಲ್ಲೇ ಕೊಡಿ ಎಂದು ಕಂಪೆನಿ ಸರಕಾರ ಹೇಳಿದಾಗ, 1837ರಲ್ಲಿ ಇದೇ ಸುಳ್ಯ ಸೀಮೆಯ ರೈತರು ಬೆಳ್ಳಾರೆಯ ಖಜಾನೆ ಹಿಡಿದು ಮಂಗಳೂರಿನವರೆಗೆ ನಡೆದುಹೋದರು. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲ ಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಎಂಬ ತಮ್ಮದೇ ಸಹಕಾರಿ ಸಂಸ್ಥೆ ಕಟ್ಟಿದರು. ಕೊಕ್ಕೋ ಬೀಜ ಕೊಳ್ಳುವವರಿಲ್ಲದೆ ಕೊಳೆಯತೊಡಗಿದ ಕಾಲವೂ ಬಂತು. 1986ರಲ್ಲಿ ಪುತ್ತೂರಿನಲ್ಲಿ ಅದೇ ಕ್ಯಾಂಪ್ಕೊದ ಚಾಕಲೇಟು ಕಾರ್ಖಾನೆಯೇ ಎದ್ದಿತು. 1988ರಿಂದ ಪುತ್ತೂರಿನಲ್ಲಿ ‘ಅಡಿಕೆ ಪತ್ರಿಕೆ’ ನಡೆಯುತ್ತಿದೆ, ಬರೆಯುವವರಲ್ಲಿ ಬಹಳ ಮಂದಿ ಮಣ್ಣಿನ ಕೈಯವರೇ. ಇವೆಲ್ಲ ಗೊಣಗದವರ ಊರಿನಲ್ಲಿ ಆದದ್ದಲ್ಲ. ದೊಡ್ಡ ಜಗಳಕ್ಕೆ ಬೇಕಾದ ದಮ್ಮು ಇವರಲ್ಲಿ ಉಳಿದದ್ದು ಸಣ್ಣ ಜಗಳಗಳನ್ನೆಲ್ಲ ಎಲೆಅಡಿಕೆಯ ಜೊತೆ ಜಗಿದು ಉಗಿದದ್ದರಿಂದ ಎಂದೇ ನನಗೆ ಕಾಣುತ್ತದೆ.

ನನ್ನ ವಾದಕ್ಕೆ ನಿಜವಾಗಿ ಕಷ್ಟ ಕೊಡುವುದು ಅಡುಗೆಮನೆ. ಜಗಲಿಯಲ್ಲಿ ಗೊಣಗಬೇಕಾದರೆ ಕೇಳಲು ಜನ ಬೇಕು. ಆ ಜನ ಬಂದಾಗ ಚಾ ಮಾಡುವುದು ಅಮ್ಮ. ದೋಸೆಗೆ ಅಕ್ಕಿ ಅರ್ಧ ಕಡೆದಿದ್ದಾಗ ಕರೆಂಟು ಹೋದರೆ ಯಜಮಾನರಿಗೆ ಅದು ಮಾತಿನ ವಿಷಯ, ಅವಳಿಗೆ ನಾಳೆಯ ತಿಂಡಿಯ ವಿಷಯ. ಅವಳು ಮಾತಾಡದೆ ಹಿತ್ತಿಲ ಚಾವಡಿಯಲ್ಲಿ ಗೋಣಿ ಮುಚ್ಚಿಟ್ಟ ಕಡೆಯುವ ಕಲ್ಲನ್ನು ತೊಳೆಯುತ್ತಾಳೆ. ಗ್ರೈಂಡರು ಬಂದ ವರ್ಷ ‘ಈ ಕಲ್ಲನ್ನು ಕೊಡುವ’ ಎಂದವರು ಯಜಮಾನರು, ‘ಇರಲಿ’ ಎಂದವಳು ಅವಳು. ಗಂಡಸಿನ ಗೊಣಗಾಟಕ್ಕೆ ಇರುವ ಪುರಸೊತ್ತು ಹೆಂಗಸಿನ ದುಡಿಮೆಯಿಂದ ಬಂದದ್ದು ಎಂಬ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಇದ್ದರೂ ಆ ಮನೆಯಲ್ಲಿ ಕೂತು ಹೇಳುವ ಧೈರ್ಯವಿಲ್ಲ. ಇಷ್ಟು ಮಾತ್ರ ಹೇಳಬಹುದು: ಆ ಗೊಣಗಾಟಕ್ಕೆ ಎಷ್ಟು ಬೆಲೆ ಕೊಡಬೇಕೆಂದು ಸರಿಯಾಗಿ ಗೊತ್ತಿರುವುದು ಅವಳೊಬ್ಬಳಿಗೆ. ‘ಹೂಂ’ ಎನ್ನುತ್ತಾಳೆ, ಮುಂದಿನ ಕೆಲಸ ನೋಡುತ್ತಾಳೆ.

ಗೊತ್ತಿಲ್ಲದವನು ಬೆಂಗಳೂರಿನ ಮಗ. ಅವನು ಅಪ್ಪನ ಮಾತನ್ನು ಅಕ್ಷರಕ್ಕೆ ಅಕ್ಷರ ನಂಬುತ್ತಾನೆ. ಚೌತಿಗೆ ಬಂದವನು ಎರಡು ದಿನ ಎಲ್ಲ ಕೇಳಿಸಿಕೊಂಡು, ಮೂರನೆಯ ದಿನ ಊಟದ ಹೊತ್ತಿಗೆ, ‘ಇಷ್ಟು ಕಷ್ಟ ಇದ್ದರೆ ತೋಟ ಮಾರುವ ಅಪ್ಪಾ, ನೀವಿಬ್ಬರೂ ಅಲ್ಲಿಗೇ ಬನ್ನಿ’ ಎನ್ನುತ್ತಾನೆ. ಯಜಮಾನರು ಎಲೆಯ ಮೇಲಿನ ಸಾರು ಹರಿಯುವುದನ್ನೂ ಮರೆತು ಅವನ ಮುಖ ನೋಡುತ್ತಾರೆ. ಅವನನ್ನು ಬಸ್ಸು ಹತ್ತಿಸಿ ಬಂದ ಮೇಲೆ ಒಂದು ವಾರ ಕರೆಂಟು, ಮಂಗ, ಮಳೆ ಯಾವುದರ ಸುದ್ದಿಯೂ ಇಲ್ಲ. ಜಗಲಿಗೆ ಬಂದವರೆದುರು ಒಂದೇ ವಿಷಯ: ‘ಈಗಿನ ಮಕ್ಕಳಿಗೆ ಎಂತ ಗೊತ್ತುಂಟು ಮಾರಾಯ್ರೆ, ತೋಟ ಮಾರಬೇಕಂತೆ!’