ಚರಗೃಹ ಸೀಮೋಲ್ಲಂಘನ ಮೀಮಾಂಸೆ

ವಿಜಯದಶಮಿಯ ದಿನ ಊರ ಗಡಿ ದಾಟಿ, ಬನ್ನಿ ತಂದು, ಮನೆಗೆ ಮರಳುವುದು ಸೀಮೋಲ್ಲಂಘನ. ಮನೆಯನ್ನೇ ಜೊತೆಗೆ ಒಯ್ದು ಗಡಿ ದಾಟಿದವನು ಮರಳುವುದೆಲ್ಲಿಗೆ? ಈ ವಿಷಯದಲ್ಲಿ ನಮ್ಮ ಪೂರ್ವಸೂರಿಗಳು ತುಟಿ ಪಿಟಕ್ಕೆಂದಿಲ್ಲ. ಸಿಯಾಟಲ್‌ನಲ್ಲಿರುವ ಮಗ ಬಾಡಿಗೆಗೆ ಹಿಡಿದ ಮೋಟಾರುಮನೆಯಲ್ಲಿ ವ್ಯಾಂಕೂವರಿಗೆ ಹೋಗಿ ಬಂದು, ಐದು ದಿನಗಳ ಆ ಕ್ಷೇತ್ರಕಾರ್ಯದ ಬಲದಿಂದ ಕೊರತೆಯನ್ನು ತುಂಬಲು ಹೊರಟಿದ್ದೇನೆ.

ಮೊದಲು ವ್ಯಾಕರಣ. 'ಮೋಟಾರುಮನೆ' ಯಾವ ಸಮಾಸ? ಮೋಟಾರಿನ ಮನೆ ಎಂದರೆ ತತ್ಪುರುಷ. ಮೋಟಾರೇ ಮನೆ ಎಂದರೆ ಕರ್ಮಧಾರಯ. ಮೋಟಾರೇ ಮನೆಯಾಗಿ ಉಳ್ಳವನು ಯಾವನೋ ಅವನು ಎಂದರೆ ಬಹುವ್ರೀಹಿ, ಅರ್ಥಾತ್ ಕಂತು ಕಟ್ಟುವವನು. ಸಂಸ್ಕೃತಕ್ಕೆ ಕನ್ನಡ ಬೆಸೆದರೆ ಅರಿಸಮಾಸ. ಇಂಗ್ಲಿಷಿಗೆ ಬೆಸೆದರೆ ಏನೆಂದು ಕೇಶಿರಾಜ ಹೇಳಿಲ್ಲ. ಆದರೆ ಇಪ್ಪತ್ತೈದು ಅಡಿಯ ಗಾಡಿಯನ್ನು ಗಡಿಯ ಸಾಲಿನಲ್ಲಿ ಲೇನ್ ಬದಲಿಸಿ ನೋಡಿ. ಅಕ್ಕಪಕ್ಕದ ಕಾರಿನವರು ಬೀರುವ ನೋಟದಲ್ಲಿ 'ಅರಿ' ಶಬ್ದದ ಅರ್ಥ ತಾನಾಗಿ ಹೊಳೆಯುತ್ತದೆ.

ಇನ್ನು ಲಕ್ಷಣ. ಮಲಗಲು ಜಾಗ, ಅಡುಗೆಗೆ ಒಲೆ, ಒಂದು ಶೌಚಾಲಯ, ಈ ಮೂರಿದ್ದರೆ ದೋಣಿಯೂ ಮನೆಯೇ, ಅದರ ಸಾಲದ ಬಡ್ಡಿಗೆ ರಿಯಾಯಿತಿ ಕೇಳಬಹುದು ಎಂಬುದು ಅಮೆರಿಕದ ತೆರಿಗೆ ಇಲಾಖೆಯ ಮತ. ಇದು ಪೂರ್ವಪಕ್ಷ. ಖಂಡನೆ ಅಲ್ಲಿನ ಸುಪ್ರೀಂ ಕೋರ್ಟಿನದು. ಸ್ಯಾನ್ ಡಿಯಾಗೋದ ಪಾರ್ಕಿಂಗ್ ಜಾಗದಲ್ಲಿ ಕಿಟಕಿಯ ಪರದೆ ಎಳೆದುಕೊಂಡು ನಿಂತಿದ್ದ ಮೋಟಾರುಮನೆಯೊಂದನ್ನು ಪೊಲೀಸರು ವಾರಂಟಿಲ್ಲದೆ ಹೊಕ್ಕಿದ್ದರು. ಮನೆಯಾದರೆ ತಪ್ಪು, ಗಾಡಿಯಾದರೆ ಸರಿ. 1985ರಲ್ಲಿ ಆರು ನ್ಯಾಯಮೂರ್ತಿಗಳು ಗಾಡಿಯೆಂದೇ ತೀರ್ಮಾನಿಸಿದರು, ಮೂವರು ಒಪ್ಪಲಿಲ್ಲ. ದಿಮ್ಮಿಗಳ ಮೇಲೆ ಕೂರಿಸಿ ನೀರು, ಕರೆಂಟು ಎಳೆದುಕೊಂಡಿದ್ದರೆ ಏನೆಂಬ ಪ್ರಶ್ನೆಯನ್ನು ಕೋರ್ಟು ಮುಂದಕ್ಕೆ ಎತ್ತಿಟ್ಟಿತು. ಅಂತೂ ಬಡ್ಡಿ ಕಟ್ಟುವಾಗ ಮನೆ, ಪೊಲೀಸರು ಬಂದಾಗ ಗಾಡಿ. ನಮ್ಮ ಕಡೆ ಇಂಥ ವಸ್ತುವಿಗೆ ಅಳಿಯ ಎನ್ನುತ್ತಾರೆ.

ಮನೆ ಗಡಿ ದಾಟಬೇಕಾದರೆ ಚಲಿಸಲೇಬೇಕೆಂಬ ನಿಯಮವೂ ಇಲ್ಲ. ವರ್ಮಾಂಟ್ ಮತ್ತು ಕ್ವಿಬೆಕ್ ನಡುವೆ ಹ್ಯಾಸ್ಕೆಲ್ ಗ್ರಂಥಾಲಯವಿದೆ. ಗಡಿ ಅದರ ನೆಲದ ಮೇಲೆಯೇ ಕಪ್ಪು ಗೆರೆಯಾಗಿ ಹಾದುಹೋಗುತ್ತದೆ. ಮೇಲಿನ ನಾಟಕಶಾಲೆಯಲ್ಲಿ ರಂಗ ಕೆನಡಾದ್ದು, ಪ್ರೇಕ್ಷಕರ ಕುರ್ಚಿಗಳು ಹೆಚ್ಚಿನವು ಅಮೆರಿಕದವು. ಕಟ್ಟಡ ಕದಲದೆ ನೂರು ವರ್ಷಕ್ಕೂ ಮೀರಿ ಎರಡೂ ದೇಶದಲ್ಲಿದೆ. ನಮಗೆ ಒಂದರಿಂದ ಇನ್ನೊಂದಕ್ಕೆ ಬರಲು ಎರಡು ಗಂಟೆ ಹಿಡಿಯಿತು.

ನಾವು ಮರಳಿದ್ದು ಬ್ಲೇನ್ ಊರಿನ ಗಡಿಯಲ್ಲಿ. ಅಲ್ಲಿ 1921ರಲ್ಲಿ ಕಟ್ಟಿದ, 67 ಅಡಿ ಎತ್ತರದ ಶಾಂತಿ ಕಮಾನಿದೆ. ಅದರೊಳಗಿನ ಕಬ್ಬಿಣದ ಬಾಗಿಲುಗಳು ಎಂದೂ ಮುಚ್ಚದಿರಲಿ ಎಂದು ಬರೆಸಿದ್ದಾರೆ. ಅವು ಮುಚ್ಚಿರಲಿಲ್ಲ, ನಿಜ. ನಮ್ಮನ್ನು ಬಿಟ್ಟೂ ಇರಲಿಲ್ಲ.

ಸಾಲಿನಲ್ಲಿ ಕಾಲ ಕಳೆಯಲು ವಾಸ್ತು ಲೆಕ್ಕ ಹಾಕಿದೆ. ಒಲೆ ಇದ್ದದ್ದು ಚಾಲಕನ ಬೆನ್ನಿಗೇ, ಎಡಕ್ಕೆ. ಗಾಡಿ ದಕ್ಷಿಣಾಭಿಮುಖ, ಆದ್ದರಿಂದ ಅಗ್ನಿ ಆಗ್ನೇಯದಲ್ಲಿ, ಸರ್ವಂ ಶುಭಂ. ಅಷ್ಟರಲ್ಲಿ ಕಿಟಕಿಯಲ್ಲಿ ಅಧಿಕಾರಿಯ ಮುಖ.

"ಹಣ್ಣು, ತರಕಾರಿ, ಸೊಪ್ಪು?"

ನಮ್ಮಾಕೆ ಸತ್ಯವಂತೆ. "ಕರಿಬೇವು" ಎಂದುಬಿಟ್ಟಳು.

ಬಲಕ್ಕೆ ತಿರುಗಿಸಿ ತಪಾಸಣೆಗೆ ನಿಲ್ಲಿಸಿ ಎಂದರು. ಗಾಡಿ ಪಶ್ಚಿಮಕ್ಕೆ ಮುಖ ಮಾಡಿತು, ಒಲೆ ನೈಋತ್ಯಕ್ಕೆ ಬಿತ್ತು. ಮುಂದಾದದ್ದಕ್ಕೆ ಬೇರೆ ಕಾರಣ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

ಕರಿಬೇವು ನಿಂಬೆ, ಕಿತ್ತಳೆಗಳ ಕುಲದ್ದು. ಹಸಿ ಎಲೆಗೆ ಅಂಟಿಕೊಂಡು ಬರುವ ಸಾಸಿವೆಕಾಳಿಗಿಂತ ಹೆಚ್ಚೇನೂ ದೊಡ್ಡದಲ್ಲದ ಜಿಗಿಹುಳು ಕಿತ್ತಳೆ ತೋಟಗಳನ್ನೇ ನೆಲಕಚ್ಚಿಸುವ ರೋಗ ಹರಡುತ್ತದೆ; ಹಾಗಾಗಿ ಪ್ರವೇಶವಿಲ್ಲ. ಸರ್ರೆಯ ಇಂಡಿಯನ್ ಅಂಗಡಿಯಿಂದ ಬೆಳಿಗ್ಗೆಯಷ್ಟೇ ತಂದ ಕಂತೆ, ಒದ್ದೆ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟಿತ್ತು. ಅಧಿಕಾರಿ ಕೈಗವಸು ತೊಟ್ಟು ಬಿಚ್ಚಿದರು, ಒಂದೆಲೆಯ ಬೆನ್ನನ್ನು ಬೆಳಕಿಗೆ ಹಿಡಿದು ನೋಡಿದರು, ಕಂತೆಯನ್ನು ಚೀಲಕ್ಕೆ ಹಾಕಿ ಬಾಯಿ ಬಿಗಿದರು. ಬನ್ನಿ ಎಲೆ ಬಂಗಾರವಾಗುವ ಶಾಸ್ತ್ರ ಕೇಳಿದ್ದೆ. ಎಲೆ ಆರೋಪಿಯಾಗುವುದನ್ನು ಕಂಡದ್ದು ಇಲ್ಲೇ.

ಆಮೇಲೆ ಅವರು ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದರು. ಮಧ್ಯಾಹ್ನ ಅಂಗಡಿಯ ಹಿಂದೆ ನಿಲ್ಲಿಸಿದ್ದಾಗ ಕುದಿಸಿ ಒಗ್ಗರಣೆ ಕೊಟ್ಟ ಸಾರು. ಸೌಟಿನಿಂದ ತಿರುವಿದರೆ ಕಪ್ಪಾದ ನಾಲ್ಕು ಎಲೆ ತೇಲಿದವು.

"ಸೂಪಾ?"

"ತಿಳಿಸಾರು" ಎಂದಳು ನಮ್ಮಾಕೆ, ಹಸಿರು ಚೀಲದ ಮೇಲಿನ ಕಣ್ಣು ಕೀಳದೆ.

ಅವರು ಬಗ್ಗಿ ಒಮ್ಮೆ ಮೂಸಿ, ಇನ್ನೊಮ್ಮೆ ಮೂಸಿ, ಮುಚ್ಚಳ ಮುಚ್ಚಿ, ಹೋಗಿ ಎಂದು ಕೈ ಬೀಸಿದರು. ಮಗ ಎಡಕ್ಕೆ ತಿರುಗಿಸಿ ಹೆದ್ದಾರಿ ಸೇರಿದ. ಒಲೆ ಆಗ್ನೇಯಕ್ಕೆ ಬಂತು.