ನೈಸ್: ಬಳಕೆದಾರರ ಕೈಪಿಡಿ

ನೈಸ್ ಎಂಬ ಇಂಗ್ಲಿಷ್ ವಿಶೇಷಣವನ್ನು ಆರಿಸಿಕೊಂಡದ್ದಕ್ಕೆ ವಂದನೆಗಳು. ಪೆಟ್ಟಿಗೆ ತೆರೆದು ನೋಡಿ. ಒಳಗೆ ಏನೂ ಇಲ್ಲವೇ? ಗಾಬರಿ ಬೇಡ, ಸರಕು ಸರಿಯಾಗಿಯೇ ಇದೆ.

ತಯಾರಿಕೆ: ಕಚ್ಚಾಮಾಲು ಲ್ಯಾಟಿನ್ನಿನ ನೆಸ್ಕಿಯುಸ್, ಅಂದರೆ ಏನೂ ತಿಳಿಯದವನು. ಹಳೆಯ ಫ್ರೆಂಚ್ ದಾಟಿ 1300ರ ಆಸುಪಾಸಿನಲ್ಲಿ ಇಂಗ್ಲಿಷಿಗೆ ಬಂದಿಳಿದಾಗಲೂ ಅದರರ್ಥ ಪೆದ್ದ. ಆದ್ದರಿಂದ ಇಂಗ್ಲಿಷ್ ಕವಿ ಚಾಸರನ ಕಾಲದವರು ಎದುರಾದರೆ ಅವರ ಮಗನನ್ನು ನೈಸ್ ಎನ್ನಬೇಡಿ. ಮುಂದೆ ಸೋಗಲಾಡಿ, ನಾಚುಬುರುಕ, ಅತಿ ಮಡಿವಂತ ಎಂದೆಲ್ಲ ಆಗಿ, ಉಜ್ಜಿ ಉಜ್ಜಿ 16ನೇ ಶತಮಾನಕ್ಕೆ ಸೂಕ್ಷ್ಮ, ಕರಾರುವಾಕ್ಕು ಎಂಬಲ್ಲಿಗೆ ಬಂತು. ಈ ಹಳೆ ಬಿಡಿಭಾಗ ಇಂದಿಗೂ ಓಡುತ್ತದೆ: ವಕೀಲರ ‘ನೈಸ್ ಡಿಸ್ಟಿಂಕ್ಷನ್’ ಚೆಂದದ ವ್ಯತ್ಯಾಸವಲ್ಲ, ಕೂದಲೆಳೆಯ ವ್ಯತ್ಯಾಸ. ‘ಚೆನ್ನಾಗಿದೆ’ ಎಂಬ ಅರ್ಥ ಚಾಲ್ತಿಗೆ ಬಂದದ್ದು 18ನೇ ಶತಮಾನದಲ್ಲಿ.

ಎಚ್ಚರಿಕೆ: ಅತಿಬಳಕೆಯಿಂದ ಸವೆಯುತ್ತದೆ. ಜೇನ್ ಆಸ್ಟಿನ್ ತೀರಿಕೊಂಡ ವರ್ಷವೇ, 1817ರ ಕೊನೆಗೆ ಹೊರಬಂದ ಆಕೆಯ ‘ನಾರ್ಥ್ಯಾಂಗರ್ ಅಬೆ’ಯಲ್ಲಿ ನಾಯಕಿ ಕ್ಯಾಥರೀನ್ ಒಂದು ಕಾದಂಬರಿಯನ್ನು ನೈಸ್ ಅಂದದ್ದೇ ತಡ, ಹೆನ್ರಿ ಟಿಲ್ನಿ ಪುಸ್ತಕದ ಬೈಂಡಿನ ಮಾತೆತ್ತಿ ಅವಳ ಕಾಲೆಳೆಯುತ್ತಾನೆ. ಹವೆಗೂ ವಾಯುವಿಹಾರಕ್ಕೂ ಹೆಣ್ಣುಮಕ್ಕಳಿಗೂ ಇದೊಂದೇ ಪದವೇ ಎಂಬುದು ಅವನ ತಕರಾರು. ಇನ್ನೂರು ವರ್ಷವಾಯಿತು, ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ಕರ್ನಾಟಕದ ಗ್ರಾಹಕರಿಗೆ: ಇಲ್ಲಿ ಸಿಗುವುದು ಬೇರೆಯೇ ಮಾಡೆಲ್. ಅಜ್ಜಿ ‘ಉದ್ದು ಇನ್ನೂ ನೈಸಾಗಿ ರುಬ್ಬೇ’ ಅಂದರೆ ಹೊಗಳಿಕೆಯಲ್ಲ, ಹಿಟ್ಟು ತರಿತರಿಯಾಗಿದೆ ಅಂತ. ಒಂದು ಚಿಟಿಕೆಯನ್ನು ಎರಡು ಬೆರಳ ನಡುವೆ ಉಜ್ಜಿ. ಬೆರಳು ಜಾರಿದರೆ ಪದ ಸರಿಯಾಗಿ ಕೂತಿದೆ. (ಇಂಗ್ಲಿಷರು ಬಹುಪಾಲು ಕೈಬಿಟ್ಟ ಸೂಕ್ಷ್ಮತೆ ನಮ್ಮ ಗ್ರೈಂಡರಿನಲ್ಲಿ ಉಳಿದುಕೊಂಡಿದೆ ಎಂಬುದು ನನ್ನ ಖಾಸಗಿ ಸಿದ್ಧಾಂತ. ಭಾಷಾವಿಜ್ಞಾನಿಗಳಿಗೆ ಹೇಳಬೇಡಿ.) ‘ನೈಸಾಗಿ ಜಾರಿಕೊಂಡ’ ಅಂದರೆ ಹೋಟೆಲಿನಲ್ಲಿ ಬಿಲ್ಲು ಬರುವ ಹೊತ್ತಿಗೆ ಕೈತೊಳೆಯಲು ಎದ್ದವನು. ‘ನಂಗೇ ನೈಸ್ ಮಾಡ್ತೀಯಾ?’ ಎಂಬ ಸದ್ದು ಕೇಳಿಸಿದರೆ ನೀವು ಬೆಣ್ಣೆ ಹಚ್ಚುತ್ತಿರುವುದು ಗೊತ್ತಾಗಿದೆ. ಕೂಡಲೇ ಸ್ವಿಚ್ ಆಫ್ ಮಾಡಿ.

ದೋಷ ನಿವಾರಣೆ: ನಿಮ್ಮ ಕಥೆ ಕಳಿಸಿದ್ದಕ್ಕೆ ಗೆಳೆಯ ‘ನೈಸ್’ ಎಂದಷ್ಟೇ ಉತ್ತರಿಸಿದರೆ, ಅವನು ಓದಿಲ್ಲ. ‘ವೆರಿ ನೈಸ್’ ಎಂದರೆ, ಅವನದೂ ಒಂದು ಕಥೆ ಬರಲಿದೆ.