ಮೂಕಿಯ ಭಾರ ನೋಡಿ ಹೊರಡಿ

ದೂರದಿಂದ ಯಾಕೆ ನೋಡ್ತೀರಿ ರಾಯರೇ, ಬೇಲಿ ಹತ್ತಿರ ಬನ್ನಿ. ಹೌದು, ಹೋಗಿ ಬಂದ್ವಿ. ಇಷ್ಟು ದಿನ ನಮ್ಮ ಗ್ಯಾರೇಜಿನ ಗರಗಸದ ಸದ್ದು ಸಹಿಸಿಕೊಂಡವರು ನೀವು, ಮೊದಲ ಸುದ್ದಿ ನಿಮಗೇ ಸಲ್ಲಬೇಕು.

ಯೊಸೆಮಿಟಿಗೆ ಹೋಗಿ ಅಂತ ಎಲ್ಲರೂ ಹೇಳಿದ್ರು. ನಾನು ಒಪ್ಪಲಿಲ್ಲ. ಕೈಯಾರೆ ಕಟ್ಟಿದ ಟ್ರೇಲರ್ ಮೊದಲ ಸಲ ರಸ್ತೆಗಿಳಿಯುವಾಗ ಮನೆಗೆ ಹತ್ತಿರದಲ್ಲೇ ಇರಬೇಕು. ಏನಾದರೂ ಸಡಿಲವಾದರೆ ಫೋನ್ ಮಾಡಿದ ತಕ್ಷಣ ಸ್ನೇಹಿತರು ಸ್ಪ್ಯಾನರ್ ಹಿಡಿದು ಬರುವಷ್ಟು ಹತ್ತಿರ. ಅದಕ್ಕೇ ಫ್ರೀಮಾಂಟಿನಿಂದ ಸುನೋಲ್ ಏರು ಹತ್ತಿ, ಲಿವರ್‌ಮೋರ್ ಕಡೆಯಿಂದ ಡೆಲ್ ವ್ಯಾಲೆ ಕೆರೆಗೆ ಹೋದ್ವಿ. ದೂರ ಕಡಿಮೆ, ಆದರೆ ಹೈವೇ, ಏರು, ಇಳಿಜಾರು, ತಿರುವು ಎಲ್ಲಾ ಆ ದಾರಿಯಲ್ಲೇ ಸಿಗುತ್ತೆ.

ಈ ಕಣ್ಣೀರ ಹನಿ ಆಕಾರದ ಟ್ರೇಲರ್ ಇಲ್ಲಿನವರಿಗೆ ಹೊಸದಲ್ಲ. 1930ರ ದಶಕದಿಂದಲೂ ಅಮೆರಿಕದ ಮನೆ ಗ್ಯಾರೇಜುಗಳಲ್ಲಿ ಕಟ್ಟಿದ್ದಾರೆ. ಯುದ್ಧ ಮುಗಿದ ಮೇಲೆ, 1947ರಲ್ಲಿ, ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್ ಪತ್ರಿಕೆ ಇದರ ನಕ್ಷೆಯನ್ನೇ ಅಚ್ಚು ಹಾಕಿತ್ತು. 4 ಅಡಿ ಅಗಲ, 8 ಅಡಿ ಉದ್ದದ ಪ್ಲೈವುಡ್ ಹಾಳೆ ಅಂಗಡಿಯಲ್ಲಿ ಸಿಗುತ್ತಲ್ಲ, ಅದೇ ಅಳತೆಗೆ ಗೋಡೆ ಕತ್ತರಿಸಬಹುದು. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಮನೆ. ಇಷ್ಟು ಕಡಿಮೆ ಜಾಗದಲ್ಲಿ ಇಷ್ಟು ಅನುಕೂಲ ಕೊಡುವ ವಿನ್ಯಾಸ ಇನ್ನೊಂದನ್ನು ನಾನು ಕಂಡಿಲ್ಲ.

ಆದರೆ ಅಪಾಯ ಇರೋದೂ ಆ ಅಡುಗೆಮನೆಯಲ್ಲೇ. ಒಲೆ, ಐಸ್ ಪೆಟ್ಟಿಗೆ, ಪಾತ್ರೆ, ಅಕ್ಕಿ, ನೀರಿನ ಕ್ಯಾನ್ ಎಲ್ಲಾ ಅಚ್ಚಿನ ಹಿಂದಕ್ಕೆ ಹೋಗಿ ಕೂರುತ್ತೆ. ನಮ್ಮೂರಲ್ಲಿ ಎತ್ತಿನ ಗಾಡಿಗೆ ಮೂಟೆ ಹೇರುವವರು ಏನು ನೋಡ್ತಿದ್ರು? ಹಿಂಭಾರವಾದರೆ ಮೂಕಿ ಮೇಲಕ್ಕೇಳುತ್ತೆ, ಮುಂಭಾರವಾದರೆ ಎತ್ತಿನ ಕತ್ತು ನೋಯುತ್ತೆ. ಇಲ್ಲಿಯೂ ಅದೇ ಲೆಕ್ಕ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕಾರಿನ ಕೊಕ್ಕೆಯ ಮೇಲೆ ಬೀಳಬೇಕು. ಒಟ್ಟು 1,200 ಪೌಂಡ್ ಇದ್ದರೆ ಮೂಕಿಯ ತುದಿಯಲ್ಲಿ 120ರಿಂದ 180. ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಮರದ ತುಂಡಿಟ್ಟು ನಾನೇ ತೂಗಿದೆ. ಅದೂ ಖಾಲಿ ಟ್ರೇಲರಲ್ಲ, ಸಾಮಾನೆಲ್ಲ ತುಂಬಿದ ಮೇಲೆ. ಒಂದು ಗ್ಯಾಲನ್ ನೀರೇ ಎಂಟು ಪೌಂಡ್ ದಾಟುತ್ತೆ, ಹಾಗಾಗಿ ನೀರಿನ ಕ್ಯಾನುಗಳನ್ನು ಪ್ರಯಾಣಕ್ಕೆ ಮುಂದುಗಡೆ ಹಾಸಿಗೆಯ ಜಾಗದಲ್ಲಿ ಇಟ್ವಿ.

ಹಿಂಭಾರದ ಟ್ರೇಲರ್ ವೇಗ ಏರಿದಾಗ ಅತ್ತಿತ್ತ ಓಲಾಡತೊಡಗುತ್ತೆ, ಕಾರನ್ನೂ ಎಳೆದಾಡುತ್ತೆ. ಆಗ ಗಟ್ಟಿಯಾಗಿ ಬ್ರೇಕ್ ಒತ್ತಬಾರದು, ಸ್ಟೀರಿಂಗ್ ತಿರುಗಿಸಿ ಸರಿಮಾಡೋಕೂ ಹೋಗಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೀರಿಂಗ್ ನೇರವಾಗಿ ಹಿಡಿಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿಯೇ ಮಿತಿ. ಪಕ್ಕದವರು ಹಾರ್ನ್ ಹೊಡೆದರೂ ಅದನ್ನು ಮೀರೋದು ತಪ್ಪು.

ಸುನೋಲ್ ಏರು ಇಳಿದ ಮೇಲೆ ನಿಲ್ಲಿಸಿ, ಚಕ್ರದ ನಡುವಿನ ಹಬ್ಬನ್ನು ಹುಷಾರಾಗಿ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಅಷ್ಟು ಇರಬೇಕಾದದ್ದೇ. ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಬಿಗಿಯಾಗಿದೆ, ಇಲ್ಲವೇ ಗ್ರೀಸ್ ಸಾಲದು ಅಂತ ಅರ್ಥ. ಹೊಸ ಚಕ್ರದ ನಟ್ಟುಗಳು ಓಡಿದ ಮೇಲೆ ಸ್ವಲ್ಪ ಸಡಿಲವಾಗುತ್ತವೆ, 50 ಮೈಲಿಯೊಳಗೆ ಇನ್ನೊಮ್ಮೆ ಬಿಗಿ ಮಾಡಲೇಬೇಕು. ಕೊಕ್ಕೆಯ ಕೆಳಗೆ ಎರಡು ಸರಪಳಿ, ಒಂದಕ್ಕೊಂದು ಕತ್ತರಿಯಾಗಿ. ಕೊಕ್ಕೆ ಕಳಚಿದರೂ ಮೂಕಿ ರಸ್ತೆಗೆ ತಾಗದೆ ಅವುಗಳ ಮೇಲೆ ನಿಲ್ಲುತ್ತೆ.

ಸಂಜೆ ಕೆರೆ ದಂಡೆಯಲ್ಲಿ ಮುಚ್ಚಳ ಎತ್ತಿ ನಮ್ಮನೆಯವಳು ಅಕ್ಕಿರೊಟ್ಟಿ ತಟ್ಟಿದಳು ನೋಡಿ ರಾಯರೇ, ಆ ಸಂತೋಷ ಹೇಳೋಕೆ ಬಾರದು! ಕ್ಯಾಂಪಿನಲ್ಲಿದ್ದವರೆಲ್ಲ ಬಂದು, ನೀವೇ ಕಟ್ಟಿದ್ದಾ ಅಂತ ಸವರಿ ಸವರಿ ನೋಡಿದ್ರು. ರಾತ್ರಿ ಮಾತ್ರ ಕಿಟಕಿ ಬಿಗಿಯಾಗಿ ಮುಚ್ಚಬಾರದು. ಇಬ್ಬರ ಉಸಿರೇ ತಣ್ಣನೆಯ ಗೋಡೆಗೆ ನೀರಾಗಿ ಇಳಿಯುತ್ತೆ, ಮಾಡಿನ ಫ್ಯಾನ್ ನಿಧಾನಕ್ಕೆ ಓಡ್ತಿರಬೇಕು. ಎಷ್ಟೇ ಚಳಿಯಿದ್ದರೂ ಗ್ಯಾಸ್ ಒಲೆಯನ್ನು ಮಲಗುವ ಗೂಡಿನೊಳಗೆ ಹಚ್ಚಕೂಡದು. ಅದರಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ನಿಮ್ಮ ಅಳಿಯಂದಿರೂ ಕಟ್ತೀನಿ ಅಂತಿದ್ದಾರಂತೆ, ನನ್ನ ಗರಗಸ, ನಕ್ಷೆ ಎರಡನ್ನೂ ಧಾರಾಳವಾಗಿ ತಗೊಳ್ಳಲಿ. ಅಚ್ಚು ಎಲ್ಲಿ ಕೂರಬೇಕು ಅನ್ನೋದನ್ನ ಮಾತ್ರ ಹಿಂದಿನ ಅಡುಗೆಮನೆಯ ಭಾರ ಲೆಕ್ಕ ಹಾಕಿ ತೀರ್ಮಾನ ಮಾಡೋಕೆ ಹೇಳಿ, ವೆಲ್ಡಿಂಗ್ ಆಮೇಲಾಗಲಿ.